ಮುಳುಗಿದ ದಾರಿಯ ಮೇಲೆ ಓಡಿದ ಲಾಂಚು

ಲಿಂಗಸುಗೂರಿನಿಂದ ಗುರುಗುಂಟಾ ಮಾರ್ಗವಾಗಿ ಸುರಪುರದತ್ತ ಸಾಗುವ ಹೆದ್ದಾರಿ ಈಗ ತಿಂಥಣಿಯ ಸೇತುವೆಯ ಮೇಲಿಂದ ಕೃಷ್ಣೆಯನ್ನು ದಾಟುತ್ತದೆ. ಸೇತುವೆಗಳಿಲ್ಲದ ಕಾಲದಲ್ಲಿ ಈ ಸೀಮೆಯ ಜನರನ್ನು ಹೊಳೆ ದಾಟಿಸುತ್ತಿದ್ದುದು ಹರಿಗೋಲು, ಅಂದರೆ ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ದುಂಡಗೆ ಹೆಣೆದು ಹೊರಮೈಗೆ ತೊಗಲು ಹೊದಿಸಿದ ದೋಣಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗುಂದಿಯ ಬಳಿ ಇಂಥ ದೋಣಿಗಳನ್ನು ಕಂಡು, ಅವು ಹದಿನೈದಿಪ್ಪತ್ತು ಜನರನ್ನೂ ಅಗತ್ಯ ಬಿದ್ದರೆ ಕುದುರೆ, ಎತ್ತುಗಳನ್ನೂ ಹೊರುತ್ತವೆಂದೂ ನೆಟ್ಟಗೆ ಸಾಗದೆ ಗಿರಗಿರನೆ ಸುತ್ತುತ್ತಲೇ ದಡ ಸೇರುತ್ತವೆಂದೂ ದಾಖಲಿಸಿದ್ದಾನೆ. ಜನ ಮತ್ತು ವಾಹನಗಳೆರಡನ್ನೂ ಹೊತ್ತೊಯ್ಯುವ ಯಂತ್ರಚಾಲಿತ ಲಾಂಚಿಗೂ ಈ ಬುಟ್ಟಿದೋಣಿಗೂ ರೂಪದಲ್ಲಿ ಯಾವ ಹೋಲಿಕೆಯೂ ಇಲ್ಲ; ಆದರೆ ನೀರಿನ ಅಂಚಿಗೆ ಬಂದು ನಿಂತ ದಾರಿಯನ್ನು ಆಚೆ ದಡದವರೆಗೆ ಮುಂದುವರಿಸುವ ಕೆಲಸ ಎರಡಕ್ಕೂ ಒಂದೇ.

ಕರ್ನಾಟಕದಲ್ಲಿ ಆ ಕೆಲಸವನ್ನು ಬಸ್ಸುಗಳ ಸಮೇತ ದಶಕಗಳ ಕಾಲ ನಿರ್ವಹಿಸಿದ್ದು ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಸಿಗಂದೂರು ಲಾಂಚು. ಅಲ್ಲಿ ದಾಟಬೇಕಾಗಿದ್ದುದು ಹುಟ್ಟಿನಿಂದಲೇ ಇದ್ದ ಹೊಳೆಯನ್ನಲ್ಲ, ಹಿನ್ನೀರನ್ನು, ಅಂದರೆ ಅಣೆಕಟ್ಟಿನ ತಡೆಯಿಂದ ಹಿಂದಕ್ಕೆ ಹರಡಿಕೊಂಡ ನೀರನ್ನು. ಶರಾವತಿಗೆ ಅಡ್ಡಲಾಗಿ ಸುಮಾರು 2.7 ಕಿ.ಮೀ. ಉದ್ದದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ನೂರೈವತ್ತು ಟಿಎಂಸಿಗೂ ಹೆಚ್ಚು ನೀರು ನಿಲ್ಲಬಲ್ಲ ಜಲಾಶಯ ಉಂಟಾಯಿತು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಆ ನೀರಿನಲ್ಲಿ ಊರುಗಳು, ಅಡಿಕೆ ತೋಟಗಳು, ಗದ್ದೆಗಳು, ಗಾಡಿದಾರಿಗಳು ಮುಳುಗಿದವು; ಜೋಗದ ವಿದ್ಯುದಾಗಾರಕ್ಕೆಂದು 1948ರಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು, ಬೇಸಿಗೆಯಲ್ಲಿ ನೀರು ಬಹಳ ಇಳಿದ ವರ್ಷಗಳಲ್ಲಿ ಅದು ಇಂದಿಗೂ ಮೇಲೆದ್ದು ಕಾಣುತ್ತದೆ. ಮುಳುಗದೆ ಉಳಿದ ಕರೂರು, ಬಾರಂಗಿ ಹೋಬಳಿಗಳ ಹಳ್ಳಿಗಳಿಗೆ ತಮ್ಮ ತಾಲ್ಲೂಕು ಕೇಂದ್ರದೊಂದಿಗಿದ್ದ ನೇರ ಸಂಪರ್ಕವೇ ಕಡಿದುಹೋಯಿತು. ನಾಡಿಗೆ ಬೆಳಕು ಬಂದದ್ದು ಈ ಜನರ ನೆಲದಿಂದ. ಆದ್ದರಿಂದ ಲಾಂಚನ್ನು ಸರ್ಕಾರ ಒದಗಿಸಿದ ಸೌಲಭ್ಯವೆಂದು ಕರೆಯುವುದು ಸಲ್ಲದು, ಅದು ಮುಳುಗಿಸಿದ ದಾರಿಗೆ ಪ್ರತಿಯಾಗಿ ತೀರಿಸಬೇಕಾಗಿದ್ದ ಋಣದ ಒಂದು ಕಂತು.

ಸಾಗರದ ಕಡೆಯ ಅಂಬಾರಗೋಡ್ಲು ಮತ್ತು ಹಿನ್ನೀರಿನಾಚೆ ತುಮರಿ ಎಂಬ ಊರಿನ ಕಡೆಯ ಕಳಸವಳ್ಳಿ ಈ ದಾಟಿನ ಎರಡು ದಡಗಳು. ಸಾಗರದ ಕಡೆಯ ದಡವನ್ನು ಜನ ಹೊಳೆಬಾಗಿಲು ಎಂದೇ ಕರೆಯುತ್ತಾರೆ. ಒಳನಾಡು ಜಲಸಾರಿಗೆ ಇಲಾಖೆ ನಡೆಸುತ್ತಿದ್ದ ಈ ಲಾಂಚಿನ ರಚನೆ ಸರಳವಾಗಿತ್ತು: ಚಪ್ಪಟೆ ತಳದ ಉಕ್ಕಿನ ಒಡಲು, ಅದರ ಮೇಲೆ ವಾಹನಗಳು ನಿಲ್ಲುವ ಬಯಲು ಅಟ್ಟ, ತುದಿಯಲ್ಲಿ ದಡಕ್ಕೆ ಇಳಿಬಿಡುವ ಕಬ್ಬಿಣದ ಹಲಗೆ. ಜಲಾಶಯದ ಮಟ್ಟ ಮಳೆಗಾಲಕ್ಕೂ ಬೇಸಿಗೆಗೂ ಹತ್ತಾರು ಅಡಿಗಳಷ್ಟು ಏರಿಳಿಯುವುದರಿಂದ ನೀರಿನ ಅಂಚು ಇಳಿಜಾರಿನಲ್ಲಿ ಮೇಲೆ ಕೆಳಗೆ ಸರಿಯುತ್ತಿರುತ್ತದೆ. ಹಲಗೆಯ ತುದಿ ನೆಲಕ್ಕೆ ತಾಗಿ ಕರಕರ ಸದ್ದು ಮಾಡಿ ನಿಂತ ಮೇಲೆಯೇ ಬಸ್ಸಿನ ಮುಂಗಾಲಿಗಳು ಮೆಲ್ಲಗೆ ಅದರ ಮೇಲೇರುತ್ತಿದ್ದವು, ಆ ಭಾರಕ್ಕೆ ಲಾಂಚಿನ ಒಂದು ಮಗ್ಗುಲು ತುಸು ತಗ್ಗಿ, ಬಸ್ಸು ನಡುವಿಗೆ ಬಂದೊಡನೆ ಮತ್ತೆ ಸಮವಾಗುತ್ತಿತ್ತು. ಭಾರವಾದದ್ದು ನಡುವಿನಲ್ಲಿ, ಕಾರು ಬೈಕುಗಳು ಅದರ ಅಕ್ಕಪಕ್ಕದಲ್ಲಿ, ಜನರು ಅಂಚಿನಲ್ಲಿ ಎಂಬ ಕ್ರಮ ಈ ಸಮತೋಲಕ್ಕಾಗಿಯೇ ಹುಟ್ಟಿದ್ದು.

ತುಂಬಿದ ಲಾಂಚಿಗೆ ಇಂತಿಷ್ಟು ಆಳದ ನೀರು ಬೇಕೇ ಬೇಕು. ಒಡಲಿನ ಎಷ್ಟು ಭಾಗ ನೀರೊಳಗೆ ಇಳಿಯುತ್ತದೆಯೋ ಅದನ್ನು ಮುಳುಗುಮಟ್ಟ ಎನ್ನಬಹುದು. ವಿದ್ಯುತ್ತಿಗಾಗಿ ನೀರು ಹರಿದು, ಮುಂಗಾರೂ ತಡವಾದರೆ ಲಾಂಚಿನ ತಳ ನೆಲಕ್ಕೆ ತಾಗುವ ಭಯವಿರುತ್ತಿತ್ತು. 2023ರ ಜೂನ್ ತಿಂಗಳಲ್ಲಿ ಇದೇ ಕಾರಣಕ್ಕೆ ವಾಹನ ಸಾಗಣೆಯನ್ನು ನಿಲ್ಲಿಸಿ ಜನರನ್ನಷ್ಟೇ ದಾಟಿಸಬೇಕಾಯಿತು. ಸಂಜೆಯ ಕೊನೆಯ ಸರದಿ ಹೋದ ಮೇಲಂತೂ ದಡವೆಂಬುದು ಗೋಡೆಯೇ ಆಗುತ್ತಿತ್ತು. ಹೆರಿಗೆ ನೋವು, ಹಾವಿನ ಕಡಿತ ಸರದಿಯ ಹೊತ್ತು ನೋಡಿ ಬರುವುದಿಲ್ಲ. ಸಿಗಂದೂರಿನ ಚೌಡೇಶ್ವರಿಗೆ ಭಕ್ತರು ಹೆಚ್ಚಿದಂತೆ ರಜೆಯ ದಿನಗಳಲ್ಲಿ ದಡದ ವಾಹನಸಾಲು ಬೆಳೆಯಿತು, ಲಾಂಚು ನಾಡಿಗೆಲ್ಲ ಹೆಸರಾಯಿತು. ಆದರೆ ಪ್ರವಾಸಿಗೆ ಹತ್ತಾರು ನಿಮಿಷಗಳ ಸಂಭ್ರಮವಾಗಿದ್ದ ಆ ದಾಟು, ಕಾಲೇಜಿಗೆ ಹೋಗುವ ತುಮರಿಯ ಹುಡುಗಿಗೆ ದಿನದಿನದ ಕಾಯುವಿಕೆಯಾಗಿತ್ತು ಎಂಬುದನ್ನು ಮರೆಯಲಾಗದು.

ಈ ಎರಡು ದಡಗಳ ನಡುವೆ ಸೇತುವೆ ಬೇಕೆಂಬ ಬೇಡಿಕೆಗೆ 2018ರಲ್ಲಿ ಶಂಕುಸ್ಥಾಪನೆಯ ರೂಪ ಸಿಕ್ಕಿತು. ಎತ್ತರದ ಕಂಬಗಳಿಂದ ಇಳಿದ ಉಕ್ಕಿನ ಹುರಿಗಳು ರಸ್ತೆಯನ್ನು ಎತ್ತಿ ಹಿಡಿಯುವ, ತೂಗುಹುರಿ ತಂತ್ರದ ಸುಮಾರು 2.44 ಕಿ.ಮೀ. ಉದ್ದದ ಸೇತುವೆಯನ್ನು 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಉದ್ಘಾಟಿಸಿದರು. ಅಣೆಕಟ್ಟು ಮುಗಿದು ಅಷ್ಟರಲ್ಲಿ 61 ವರ್ಷಗಳು ಕಳೆದಿದ್ದವು.

ಕೃಷ್ಣೆಯ ದಂಡೆಯವರಿಗೆ ಈ ಕಥೆ ದೂರದ್ದೆನಿಸಲಾರದು. ಜಲದುರ್ಗದ ಸುತ್ತ ಹೊಳೆ ಕವಲೊಡೆದು ಗಡ್ಡಿಗಳನ್ನು, ಅಂದರೆ ನಡುಗಡ್ಡೆಗಳನ್ನು, ನಿರ್ಮಿಸಿದೆ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಶೀಲಹಳ್ಳಿಯ ತಗ್ಗುಸೇತುವೆ ಮುಳುಗುತ್ತದೆ. ಶರಾವತಿಯಲ್ಲಿ ನೀರು ಕಡಿಮೆಯಾದಾಗ ದಾಟು ನಿಲ್ಲುತ್ತಿದ್ದರೆ ಇಲ್ಲಿ ನೀರು ಹೆಚ್ಚಾದಾಗ ದಾಟು ನಿಲ್ಲುತ್ತದೆ. ಎರಡೂ ಕಡೆ ಅದನ್ನು ನಿರ್ಧರಿಸುವುದು ಮಳೆಯ ಜೊತೆಗೆ ಅಣೆಕಟ್ಟಿನ ಬಾಗಿಲು. ನಿಂತ ನೀರಿನಲ್ಲಿ ಓಡುವ ಚಪ್ಪಟೆ ತಳದ ಲಾಂಚು ಬಂಡೆಗಳ ನಡುವೆ ನುಗ್ಗುವ ಕೃಷ್ಣೆಗೆ ಒಗ್ಗುವಂಥದ್ದಲ್ಲ, ಪ್ರವಾಹದಲ್ಲಿ ಹರಿಗೋಲು ಇಳಿಸುವುದಂತೂ ಪ್ರಾಣಕ್ಕೇ ಎರವು. ಹೀಗಾಗಿ ಗಡ್ಡಿಯ ಸಂಸಾರಗಳು ಇಂದಿಗೂ ಮಳೆಗಾಲಕ್ಕೆ ಮೊದಲೇ ಜೋಳ, ಮೇವು, ಔಷಧಿಗಳನ್ನು ಗಡ್ಡಿಗೆ ಸಾಗಿಸಿಟ್ಟುಕೊಳ್ಳಬೇಕು.