ಕೊಟ್ಟಿಗೆ ಕಾಯುವ ನಾಯಿಗೆ ಮನೆಯ ಊಟ: ಏನು ಹಾಕಬೇಕು, ಏನು ಹಾಕಬಾರದು



ಹಸುವಿಗೆ ಹಸಿರು ಮೇವು ಎಷ್ಟು, ಪಶು ಆಹಾರ ಎಷ್ಟು, ಖನಿಜ ಮಿಶ್ರಣ ಎಷ್ಟು ಎಂದು ಕೇಳಿದರೆ ನೀವು ನಿದ್ದೆಗಣ್ಣಿನಲ್ಲೂ ಹೇಳುತ್ತೀರಿ. ಅದೇ ಕೊಟ್ಟಿಗೆಯ ಬಾಗಿಲಲ್ಲಿ ರಾತ್ರಿಯಿಡೀ ಕಾವಲಿರುವ ನಾಯಿಗೆ ಏನು ಹಾಕುತ್ತೀರಿ ಎಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಬರುವ ಉತ್ತರ ಒಂದೇ: "ಉಳಿದಿದ್ದು." ಒಂದು ಮುದ್ದೆ, ಮೇಲಿಷ್ಟು ಸಾರು, ಮಿಕ್ಕರೆ ಹಾಲು. ಇದರಿಂದ ಹೊಟ್ಟೆ ತುಂಬುತ್ತದೆ, ಆದರೆ ಮೈಗೆ ಬೇಕಾದದ್ದು ಸಿಗುವುದಿಲ್ಲ.

ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಒಣ ಹುಲ್ಲಿನಿಂದಲೂ ಒಳ್ಳೆಯ ಪ್ರೋಟೀನ್ ತಯಾರಿಸಿಕೊಡುತ್ತವೆ. ನಾಯಿಗೆ ಆ ಅನುಕೂಲವಿಲ್ಲ. ಅದಕ್ಕೆ ಬೇಕಾದ ಪ್ರೋಟೀನ್ ತಟ್ಟೆಯಲ್ಲೇ ಇರಬೇಕು. ಪಶು ಆಹಾರದ ಚೀಲದ ಮೇಲೆ ಶೇಕಡಾವಾರು ಪ್ರೋಟೀನ್ ಬರೆದಿರುವುದನ್ನು ನೋಡಿದ್ದೀರಲ್ಲವೇ? ಅದೇ ಲೆಕ್ಕದಲ್ಲಿ, ನೀರಿನಂಶ ಬಿಟ್ಟು, ಬೆಳೆದ ನಾಯಿಯ ಊಟದಲ್ಲಿ ಕನಿಷ್ಠ ಶೇ. 18, ಮರಿಗಳಿಗೆ ಮತ್ತು ಗಬ್ಬದ ಅಥವಾ ಹಾಲೂಡುವ ಹೆಣ್ಣು ನಾಯಿಗೆ ಶೇ. 22ಕ್ಕಿಂತ ಹೆಚ್ಚು ಪ್ರೋಟೀನ್ ಇರಬೇಕು. ರಾಗಿ ಮತ್ತು ಅಕ್ಕಿಯಲ್ಲಿರುವುದು ಸುಮಾರು ಶೇ. 7 ಮಾತ್ರ. ಬರೀ ಮುದ್ದೆ ತಿನ್ನುವ ನಾಯಿಯ ಕೂದಲು ಒರಟಾಗುವುದು, ಗಾಯ ಬೇಗ ಮಾಯದಿರುವುದು ಇದರಿಂದಲೇ.

ಸುಮಾರು 15 ಕಿಲೋ ತೂಗುವ ನಾಟಿ ನಾಯಿಗೆ ಒಂದು ದಿನದ ಅಳತೆ ಹೀಗಿರಲಿ: ರಾಗಿ ಹಿಟ್ಟು ಅಥವಾ ಅಕ್ಕಿ 100 ಗ್ರಾಂ, ಮೂಳೆ ತೆಗೆದ ಕೋಳಿ ಮಾಂಸ 150 ಗ್ರಾಂ, ಒಂದು ಮೊಟ್ಟೆ, ಕುಂಬಳಕಾಯಿ, ಬೀನ್ಸ್ ಅಥವಾ ಕ್ಯಾರೆಟ್ ಒಂದು ಹಿಡಿ, ಅಡುಗೆ ಎಣ್ಣೆ ಒಂದು ಚಮಚ, ಅಯೋಡಿನ್ ಉಪ್ಪು ಒಂದು ಚಿಟಿಕೆ. ಎಲ್ಲವನ್ನೂ ಚೆನ್ನಾಗಿ ಬೇಯಿಸಿ, ಆರಿಸಿ, ಬೆಳಿಗ್ಗೆ ಸಂಜೆ ಎರಡು ಪಾಲು ಮಾಡಿ. ವಾರಕ್ಕೊಮ್ಮೆ ಮಾಂಸದ ಬದಲು ಸ್ವಲ್ಪ ಲಿವರ್ ಸೇರಿಸಬಹುದು. ದಿನಾ ಲಿವರ್ ಹಾಕಿದರೆ ವಿಟಮಿನ್ ಎ ಅತಿಯಾಗುತ್ತದೆ. ನಾಯಿಯ ತೂಕ ಗೊತ್ತಿಲ್ಲದಿದ್ದರೆ ಹಿಂಡಿ ಚೀಲ ತೂಗುವ ಮಾಪಕದ ಮೇಲೆ ಅದನ್ನು ಎತ್ತಿಕೊಂಡು ಒಮ್ಮೆ, ಬಿಟ್ಟು ಒಮ್ಮೆ ನಿಂತು ಕಳೆದು ನೋಡಿ.

ಇಷ್ಟರಲ್ಲಿ ಇನ್ನೊಂದು ಕೊರತೆ ಉಳಿಯುತ್ತದೆ, ಅದು ಸುಣ್ಣದಂಶ. ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ಅವೆರಡರ ತೂಕ ತಪ್ಪಿದರೆ ದೇಹವು ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಬರೀ ಅನ್ನ-ಮಾಂಸ ತಿಂದು ಬೆಳೆದ ಮರಿಯ ಕಾಲು ಬಿಲ್ಲಿನಂತೆ ಬಾಗುವುದು ಇದೇ ಕಾರಣಕ್ಕೆ. ಪರಿಹಾರ ನಿಮ್ಮ ಅಡುಗೆಮನೆಯಲ್ಲೇ ಇದೆ. ಮೊಟ್ಟೆಯ ಚಿಪ್ಪನ್ನು ಹತ್ತು ನಿಮಿಷ ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿಡಿ. ಮೇಲಿನ ಅಳತೆಯ ಊಟಕ್ಕೆ ಅರ್ಧ ಟೀ ಚಮಚ ಸಾಕು. ಹಸುವಿಗೆ ತಂದ ಖನಿಜ ಮಿಶ್ರಣವನ್ನೇ ಒಂದು ಚಮಚ ಹಾಕೋಣ ಎಂದು ಹೊರಡಬೇಡಿ. ಅದು ಹಸುವಿನ ಮೈತೂಕಕ್ಕೆ, ಹಸುವಿನ ಹಾಲಿನ ಲೆಕ್ಕಕ್ಕೆ ಮಾಡಿದ್ದು. ಪಶು ಆಹಾರವೂ ಬೇಡ, ಅದರಲ್ಲಿ ಯೂರಿಯಾ ಇರಬಹುದು.

ಮನೆಯಲ್ಲಿ ಮಾಂಸ, ಮೊಟ್ಟೆ ಬಳಸದವರು ರಾಗಿ 80 ಗ್ರಾಂ, ಹೆಸರುಬೇಳೆ ಅಥವಾ ತೊಗರಿಬೇಳೆ 80 ಗ್ರಾಂ, ಒಂದು ದೊಡ್ಡ ಲೋಟ ಮೊಸರು, ಪನೀರ್ 50 ಗ್ರಾಂ, ತರಕಾರಿ ಮತ್ತು ಎಣ್ಣೆ ಸೇರಿಸಿದರೆ ಪ್ರೋಟೀನ್ ಹೆಚ್ಚು ಕಡಿಮೆ ಸರಿಹೋಗುತ್ತದೆ. ಹಾಲಿಗಿಂತ ಮೊಸರು, ಮಜ್ಜಿಗೆ ಮೇಲು. ಬೆಳೆದ ಅನೇಕ ನಾಯಿಗಳಿಗೆ ಹಾಲಿನ ಸಕ್ಕರೆ ಅರಗದೆ ಭೇದಿಯಾಗುತ್ತದೆ.

ಒಂದು ಮಾತು ಬಿಚ್ಚಿ ಹೇಳಬೇಕು. ಮನೆಯ ಊಟ ಎಷ್ಟೇ ಚೆನ್ನಾಗಿದ್ದರೂ ಸತು, ವಿಟಮಿನ್ ಡಿ, ವಿಟಮಿನ್ ಇ ಕಡಿಮೆ ಬೀಳುವುದೇ ಹೆಚ್ಚು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 2013ರಲ್ಲಿ ನಾಯಿ ಊಟದ 200 ಪಾಕವಿಧಾನಗಳನ್ನು ಪರೀಕ್ಷಿಸಿದಾಗ ಶೇ. 95ರಷ್ಟರಲ್ಲಿ ಒಂದಾದರೂ ಪೋಷಕಾಂಶದ ಕೊರತೆ ಕಂಡಿತ್ತು. ಹಾಗಾಗಿ ನಾಯಿಗೆಂದೇ ಇರುವ ವಿಟಮಿನ್-ಖನಿಜದ ಪುಡಿ ಅಥವಾ ಮಾತ್ರೆಯನ್ನು ಪಶುವೈದ್ಯರನ್ನು ಕೇಳಿ ಜೊತೆಗೆ ಕೊಡಿ. ಮಾಂಸ, ಮೊಟ್ಟೆ ಇಲ್ಲದ ಊಟಕ್ಕೆ ಇದು ಬೇಕೇ ಬೇಕು.

ಇನ್ನು ಸಾರಿನ ವಿಷಯ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಬೇಳೆ ಬೆಂದ ಕೂಡಲೇ, ಮಸಾಲೆ ಒಗ್ಗರಣೆ ಬೀಳುವ ಮೊದಲು, ನಾಯಿಯ ಪಾಲು ತೆಗೆದಿಟ್ಟುಬಿಡಿ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಗಂಟಲು, ಕರುಳು ಚುಚ್ಚುತ್ತದೆ. ವಿಜಯಪುರ, ಬಾಗಲಕೋಟೆ ಕಡೆ ದ್ರಾಕ್ಷಿ ಬೆಳೆಯುವವರು ದ್ರಾಕ್ಷಿ, ಒಣದ್ರಾಕ್ಷಿ ಎರಡನ್ನೂ ನಾಯಿಗೆ ಸಿಗದಂತೆ ಇಡಬೇಕು, ಮೂತ್ರಪಿಂಡ ಕೆಡುತ್ತದೆ. ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ, ಮೆಕ್ಕೆಜೋಳ "ಹಸು ತಿನ್ನದಿದ್ದರೆ ನಾಯಿಗಾದರೂ ಆಗಲಿ" ಎನ್ನುವಂಥದ್ದಲ್ಲ. ಅದರಲ್ಲಿರುವ ಅಫ್ಲಾಟಾಕ್ಸಿನ್ ವಿಷ ಹಸುವಿನ ಹಾಲಿಗೂ ಇಳಿಯುತ್ತದೆ, ನಾಯಿಯ ಲಿವರನ್ನೂ ಹಾಳುಮಾಡುತ್ತದೆ.

ಹಾಲು ಜ್ವರ ನೀವು ಬಲ್ಲ ಕಾಯಿಲೆ. ಕರು ಹಾಕಿದ ಹಸು ಕಿವಿ ತಣ್ಣಗಾಗಿ ಮಲಗಿಬಿಡುತ್ತದೆ. ಮರಿ ಹಾಕಿದ ನಾಯಿಗೂ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದೊಳಗೆ, ಹಾಲಿನ ಮೂಲಕ ಕ್ಯಾಲ್ಸಿಯಂ ಸೋರಿಹೋಗಿ ಇಂಥದ್ದೇ ತೊಂದರೆ ಬರುತ್ತದೆ. ಆದರೆ ಲಕ್ಷಣ ತಿರುವುಮುರುವು. ಮೈ ತಣ್ಣಗಾಗುವುದಿಲ್ಲ, ಕಾದು ಸುಡುತ್ತದೆ. ನಾಯಿ ಏದುಸಿರು ಬಿಡುತ್ತದೆ, ನಡುಗುತ್ತದೆ, ಕಾಲು ಸೆಟೆಸುತ್ತದೆ. ಕೂಡಲೇ ಮರಿಗಳನ್ನು ಬೇರೆ ಮಾಡಿ ವೈದ್ಯರನ್ನು ಕರೆಸಿ. ಹಸುವಿಗೆಂದು ಇಟ್ಟ ಕ್ಯಾಲ್ಸಿಯಂ ಬಾಟಲಿಯನ್ನು ನೀವೇ ಚುಚ್ಚಲು ಹೋಗಬೇಡಿ, ಹೃದಯ ನಿಂತೀತು. ಹಾಲೂಡುವಾಗ ಅದಕ್ಕೆ ಎಂದಿನ ಎರಡು ಮೂರು ಪಟ್ಟು ಊಟ ಬೇಕು. ಆದರೆ ಗಬ್ಬದಲ್ಲಿರುವಾಗ ಕ್ಯಾಲ್ಸಿಯಂ ಮಾತ್ರೆ ಸುರಿಯುವುದು ತಪ್ಪು. ಬತ್ತಿದ ಹಸುವಿಗೆ ಕ್ಯಾಲ್ಸಿಯಂ ಹೆಚ್ಚು ಕೊಡಬಾರದು ಎನ್ನುವ ಮಾತೇ ಇಲ್ಲಿಯೂ ಸಲ್ಲುತ್ತದೆ.

ಕೊನೆಯದಾಗಿ, ನಿಮ್ಮ ಹಸುಗಳಿಗೇ ಸಂಬಂಧಿಸಿದ್ದು. ಹಸು ಕರು ಹಾಕಿದ ಮೇಲೆ ಬೀಳುವ ಕಸವನ್ನು (ಕೆಲವೆಡೆ ಸತ್ತೆ, ಮಾಸು ಎನ್ನುತ್ತಾರೆ), ಕಂದು ಹಾಕಿದ ಕರುವನ್ನು ತಿಪ್ಪೆಗೆ ಎಸೆದರೆ ನಾಯಿಗೆ ಹಬ್ಬ. ನಿಯೋಸ್ಪೋರಾ ಎಂಬ ಪರಾವಲಂಬಿ ಈ ದಾರಿಯಲ್ಲೇ ನಾಯಿಯ ಹೊಟ್ಟೆ ಸೇರುತ್ತದೆ. ಆಮೇಲೆ ನಾಯಿಯ ಮಲದ ಮೂಲಕ ಮೇವಿಗೆ, ನೀರಿಗೆ ಬಿದ್ದು ಹಸುವಿನ ಗರ್ಭ ಇಳಿಸುತ್ತದೆ. ಐದಾರು ತಿಂಗಳ ಗಬ್ಬದ ಹಸು ಕಾರಣ ಗೊತ್ತಾಗದೆ ಕಂದು ಹಾಕಿದರೆ ವೈದ್ಯರಿಗೆ ಈ ಅನುಮಾನವನ್ನೂ ಹೇಳಿ. ಸೋಂಕು ತಗಲಿದ ಹಸುವಿಗೆ ಇದಕ್ಕೆ ಗುಣವಾಗುವ ಔಷಧಿಯಿಲ್ಲ, ಹೊಟ್ಟೆಯಲ್ಲಿರುವ ಕರುವಿಗೂ ಅದು ದಾಟುತ್ತದೆ. ಕಂದು ರೋಗ, ಅಂದರೆ ಬ್ರುಸೆಲ್ಲಾ ಕೂಡ ಕಸದಲ್ಲಿರುತ್ತದೆ. ಅದು ನಿಮ್ಮ ಕೈಗೂ ಅಂಟುವಂಥದ್ದು. ಆದ್ದರಿಂದ ಕೈಗವಸು ಹಾಕಿಕೊಂಡೇ ಕಸ ಎತ್ತಿ, ನಾಯಿ ಕೆದಕಲಾಗದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಕುರಿ, ಮೇಕೆ ಕೊಯ್ದಾಗ ಹಸಿ ಪುಪ್ಪುಸ, ಲಿವರ್ ಎಸೆಯುವ ರೂಢಿಯನ್ನೂ ಬಿಡಿ. ಅದರಿಂದ ನಾಯಿಗೆ ತಗಲುವ ಲಾಡಿಹುಳುವಿನ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ಲಿವರಿನಲ್ಲಿ ನೀರುಗುಳ್ಳೆಯಾಗಿ ಬೆಳೆಯುತ್ತದೆ. ಕೆಚ್ಚಲು ಬಾವಿನ ಹಾಲು, ಔಷಧಿ ಕೊಟ್ಟ ಹಸುವಿನ ಹಾಲು ನಾಯಿಗೂ ಬೇಡ.

ಹೊಸ ಊಟಕ್ಕೆ ಒಂದೇ ದಿನದಲ್ಲಿ ಬದಲಾಯಿಸದೆ, ಹಳೆಯದರೊಂದಿಗೆ ಬೆರೆಸುತ್ತಾ ಒಂದು ವಾರದಲ್ಲಿ ಪೂರ್ತಿ ಮಾಡಿ. ತಿಂಗಳ ನಂತರ ಪಕ್ಕೆಯ ಮೇಲೆ ಕೈಯಾಡಿಸಿ. ಎಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಮುಧೋಳ ನಾಯಿ ಸಾಕಿದವರಿಗೆ ಮಾತ್ರ ಈ ಲೆಕ್ಕ ಬೇರೆ. ಅದು ಹುಟ್ಟಿನಿಂದಲೇ ತೆಳ್ಳಗಿನ ಮೈಯದು, ಎಲುಬು ತುಸು ಕಂಡರೆ ಗಾಬರಿಯಾಗಿ ಹೆಚ್ಚು ತಿನ್ನಿಸಬೇಕಿಲ್ಲ.