ಗೋಡೆ ದಾಟುವ ವೈ-ಫೈ

ಮಕ್ಕಳೇ, ಪಕ್ಕದ ಮನೆಯ ರೇಡಿಯೋ ಹಾಡು ನಿಮ್ಮ ಮನೆಗೂ ಕೇಳಿಸುತ್ತದಲ್ಲವೇ? ವೈ-ಫೈ ಕೂಡ ಹಾಗೆಯೇ ಗೋಡೆ ದಾಟುತ್ತದೆ. ರೂಟರ್ ಎಂಬ ಪುಟ್ಟ ಪೆಟ್ಟಿಗೆ ಸೆಕೆಂಡಿಗೆ ಸುಮಾರು 240 ಕೋಟಿ ಬಾರಿ ಕಂಪಿಸುವ ರೇಡಿಯೋ ಅಲೆಗಳನ್ನು ಸುತ್ತಲೂ ಹರಡುತ್ತದೆ. ಪಾಸ್‌ವರ್ಡ್ ಇಲ್ಲದಿದ್ದರೆ ರಸ್ತೆಯಲ್ಲಿ ನಿಂತವರೂ ಆ ಸಂಪರ್ಕವನ್ನು ಬಳಸಬಹುದು.

ಬಳಸಿದರೆ ಏನು ನಷ್ಟ ಎನ್ನುತ್ತೀರಾ? 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟಗಳಾದವು. ಅದಕ್ಕೆ ಕೆಲವೇ ನಿಮಿಷ ಮೊದಲು ಟಿ.ವಿ. ವಾಹಿನಿಗಳಿಗೆ ಬೆದರಿಕೆಯ ಇ-ಮೇಲ್ ಬಂದಿತ್ತು. ಅಂತರಜಾಲದ ಪ್ರತಿ ಸಂಪರ್ಕಕ್ಕೂ ಐಪಿ ವಿಳಾಸ ಎಂಬ ಸಂಖ್ಯೆ ಇರುತ್ತದೆ. ಅದರ ಜಾಡು ಹಿಡಿದ ಪೊಲೀಸರು ನವಿ ಮುಂಬಯಿಯ ಒಂದು ಮನೆ ತಲುಪಿದರು. ಅಲ್ಲಿ ವಾಸವಿದ್ದ ಅಮೆರಿಕದ ಪ್ರಜೆಗೆ ಏನೂ ತಿಳಿದಿರಲಿಲ್ಲ! ಅವರ ವೈ-ಫೈಯನ್ನು ಬೇರೆ ಯಾರೋ ಬಳಸಿದ್ದರು. ಐಪಿ ಸಂಖ್ಯೆ ತೋರಿಸುವುದು ಸಂಪರ್ಕವನ್ನು, ಬಳಸಿದವರನ್ನಲ್ಲ. ಆದರೂ ಪೊಲೀಸರಿಗೆ ಮೊದಲು ಉತ್ತರ ಕೊಡಬೇಕಾದವರು ಅವರೇ ಆದರು. ಮುಂದೆ 2009ರಲ್ಲಿ ಮುಂಬಯಿ ಪೊಲೀಸರು ಬೀಗವಿಲ್ಲದ ವೈ-ಫೈಗಳನ್ನು ಹುಡುಕಲು ಬೀದಿಗಿಳಿದರು.

ಅನುಮತಿಯಿಲ್ಲದೆ ಇನ್ನೊಬ್ಬರ ಜಾಲ ಸೇರುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರವೂ ತಪ್ಪು. ನೆರೆಯವರನ್ನು ಕೇಳಿಯೇ ಬಳಸಬೇಕು.

ರೂಟರಿನಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿದರೆ, ಅಲೆಯಲ್ಲಿ ಸಾಗುವ ಮಾಹಿತಿ ಗುಪ್ತಲಿಪಿಯಾಗಿ ಬದಲಾಗುತ್ತದೆ. ಹಳೆಯ ಡಬ್ಲ್ಯುಇಪಿ ಬೇಡ. ಅದನ್ನು ಭೇದಿಸಬಹುದೆಂದು ವಿಜ್ಞಾನಿಗಳು 2001ರಲ್ಲೇ ತೋರಿಸಿದ್ದಾರೆ. ಪಾಸ್‌ವರ್ಡಿನಲ್ಲಿ ಕನಿಷ್ಠ 8 ಅಕ್ಷರಗಳಿರಬೇಕು. ಅದಕ್ಕಾಗಿ 12345678 ಎಂದು ಬರೆದು ಸುಮ್ಮನಾಗುವವರೂ ಇದ್ದಾರೆ! ನಿಮ್ಮ ಮನೆಯಲ್ಲಿ ರೂಟರ್ ಇದ್ದರೆ ಇಂದೇ ಹಿರಿಯರೊಂದಿಗೆ ಕುಳಿತು ನೋಡಿ.