ಓಲೆಗ್ರಂಥಗಳ ಭಂಡಾರದಲ್ಲಿ ಉಷ್ಣತೆ ಮತ್ತು ಆರ್ದ್ರತೆಯ ದಾಖಲೆ

ಷಟ್ಖಂಡಾಗಮದ ಮೇಲೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆ, ಕಷಾಯಪಾಹುಡದ ಮೇಲಣ ಜಯಧವಲಾ, ಭೂತಬಲಿ ಆಚಾರ್ಯರ ಮಹಾಬಂಧ ಎಂಬ ಮೂರು ಸಿದ್ಧಾಂತಗ್ರಂಥಗಳು ಇಂದು ಲೋಕಕ್ಕೆ ಲಭ್ಯವಾಗಿರುವುದು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಡಪತ್ರಗಳು ಉಳಿದುಬಂದುದರಿಂದ ಎಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟವು 1939ರಲ್ಲಿ ಹೊರಬಂದಿತು. ಆದರೆ ಮಹಾಬಂಧದ ಓಲೆಗಳು ಕೆಲವೆಡೆ ತ್ರುಟಿತವಾಗಿದ್ದುದರಿಂದ ಮುದ್ರಿತ ಗ್ರಂಥದಲ್ಲಿಯೂ ಆ ಸ್ಥಳಗಳು ಹಾಗೆಯೇ ಉಳಿದಿವೆ. ಮೂಲಪ್ರತಿಯಲ್ಲಿ ಒಂದು ಓಲೆ ನಷ್ಟವಾದರೆ ಪಾಠಾಂತರವನ್ನು ನೋಡಲು ಬೇರೊಂದು ಪ್ರತಿಯೇ ಇಲ್ಲದ ಗ್ರಂಥಗಳ ಸ್ಥಿತಿ ಇದು. ಆದುದರಿಂದ ಭಂಡಾರಗಳ ರಕ್ಷಣೆಯ ವಿಚಾರವು ಗ್ರಂಥಸಂಪಾದನೆಯಿಂದ ಬೇರೆಯಾದುದಲ್ಲ.

ಲಿಪಿಕಾರರು ತಮ್ಮ ಪ್ರತಿಯ ಕೊನೆಯಲ್ಲಿ ಈ ಪುಸ್ತಕವನ್ನು ನೀರಿನಿಂದಲೂ ಎಣ್ಣೆಯಿಂದಲೂ ಸಡಿಲವಾದ ಕಟ್ಟಿನಿಂದಲೂ ಕಾಪಾಡಿರೆಂದು ಬೇಡಿಕೊಳ್ಳುವುದು ವಾಡಿಕೆ. ಸೋರುವ ಮಾಡಿನಿಂದ ಬೀಳುವ ನೀರು ಕಣ್ಣಿಗೆ ಕಾಣುತ್ತದೆ. ಅದಕ್ಕೆ ಪರಿಹಾರವನ್ನೂ ಒಡನೆಯೇ ಮಾಡಬಹುದು. ಗಾಳಿಯಲ್ಲಿ ಆವಿಯ ರೂಪದಲ್ಲಿರುವ ನೀರಾದರೋ ಕಾಣುವುದಿಲ್ಲ. ಅದರ ಪರಿಣಾಮವು ಓಲೆಯಲ್ಲಿ ತೋರುವ ಹೊತ್ತಿಗೆ ಹಾನಿಯು ಆಗಿಯೇ ಹೋಗಿರುತ್ತದೆ. ಈ ಕಾಣದ ನೀರನ್ನು ಹಗಲಿರುಳು ಅಳೆದು ಬರೆದಿಡುವ ಕಿರುಯಂತ್ರವೊಂದು ಈಗ ಬಳಕೆಯಲ್ಲಿದೆ. ಇದನ್ನು ಡೇಟಾ ಲಾಗರ್ ಎಂದು ಕರೆಯುತ್ತಾರೆ. ಇದರ ಸ್ವರೂಪವನ್ನೂ ಉಪಯೋಗಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

ಸಾಪೇಕ್ಷ ಆರ್ದ್ರತೆ

ಗಾಳಿಯು ಎಷ್ಟು ಆವಿಯನ್ನು ಧರಿಸಬಲ್ಲುದೆಂಬುದು ಅದರ ಉಷ್ಣತೆಯನ್ನು ಅವಲಂಬಿಸಿದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನಮೀಟರ್ ಗಾಳಿಯು ಹೆಚ್ಚೆಂದರೆ ಸುಮಾರು 17 ಗ್ರಾಂ ನೀರನ್ನು ಆವಿಯಾಗಿ ಹಿಡಿಯಬಲ್ಲುದು; 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. ಹೀಗೆ ಹಿಡಿಯಬಹುದಾದ ಪರಿಮಾಣದಲ್ಲಿ ನಿಜವಾಗಿ ಇರುವುದು ಶೇಕಡ ಎಷ್ಟು ಎಂಬುದೇ ಸಾಪೇಕ್ಷ ಆರ್ದ್ರತೆ. ಓಲೆ, ಕಾಗದ, ಮರ, ಬಟ್ಟೆ ಇವು ನೀರನ್ನು ಹೀರುವುದೂ ಬಿಡುವುದೂ ಮುಖ್ಯವಾಗಿ ಈ ಪ್ರಮಾಣವನ್ನು ಅನುಸರಿಸಿ.

ಆದುದರಿಂದ ಕೋಣೆಗೆ ಒಂದು ತೊಟ್ಟು ನೀರೂ ಹೊಸದಾಗಿ ಸೇರದೆ, ಉಷ್ಣತೆ ಇಳಿದ ಮಾತ್ರಕ್ಕೇ ಆರ್ದ್ರತೆ ಏರುತ್ತದೆ. 30 ಡಿಗ್ರಿಯಲ್ಲಿ ಶೇ. 70 ಆರ್ದ್ರತೆಯಿದ್ದ ಗಾಳಿಯು ಮುಚ್ಚಿದ ಕೋಣೆಯಲ್ಲಿ 25 ಡಿಗ್ರಿಗೆ ತಣಿದರೆ ಅದರ ಆರ್ದ್ರತೆ ಶೇ. 90ನ್ನು ಮೀರುತ್ತದೆ. ಇನ್ನೂ ಸ್ವಲ್ಪ ತಣಿದು 24 ಡಿಗ್ರಿಯ ಸಮೀಪಕ್ಕೆ ಬಂದರೆ ಆವಿಯು ನೀರಾಗಿ ಹನಿಯತೊಡಗುತ್ತದೆ. ಇದಕ್ಕೆ ಇಬ್ಬನಿ ಬಿಂದು ಎಂದು ಹೆಸರು. ಮಧ್ಯಾಹ್ನದ ಹೊತ್ತಿಗೆ ಬಂದು ಮಾಪಕವನ್ನು ನೋಡಿ ಹೋಗುವವರಿಗೆ ರಾತ್ರಿಯ ಈ ಸ್ಥಿತಿ ತಿಳಿಯುವುದೇ ಇಲ್ಲ.

ಓಲೆಯ ಮೇಲೆ ಪರಿಣಾಮ

ಆರ್ದ್ರತೆಯು ಶೇ. 65ರ ಕೆಳಗಿದ್ದರೆ ಬೂಷ್ಟು ಬೆಳೆಯುವುದು ಅಪೂರ್ವ. ಶೇ. 70ನ್ನು ಮೀರಿ ಹಲವು ದಿನ ನಿಂತರೆ ಅದಕ್ಕೆ ಅವಕಾಶವಾಗುತ್ತದೆ. ಇನ್ನೂ ಏರಿದಷ್ಟೂ ಬೆಳವಣಿಗೆ ಶೀಘ್ರವಾಗುತ್ತದೆ. ಓಲೆಗಳು ಒಂದಕ್ಕೊಂದು ಅಂಟಿಕೊಳ್ಳುವುದೂ ಕೀಟಗಳು ವೃದ್ಧಿಯಾಗುವುದೂ ಇಂಥ ಸ್ಥಿತಿಯಲ್ಲಿಯೇ. ಇದಕ್ಕೆ ವಿಪರೀತವಾಗಿ ಗಾಳಿಯು ಬಹಳ ಒಣಗಿದ್ದರೆ ಓಲೆಯು ತನ್ನ ಮೃದುತ್ವವನ್ನು ಕಳೆದುಕೊಂಡು, ಬಾಗಿಸಿದಲ್ಲಿ ಮುರಿಯುತ್ತದೆ; ದಾರದ ರಂಧ್ರದ ಸುತ್ತ ಸೀಳುತ್ತದೆ. ಜೈಸಲ್ಮೇರಿನ ಮರುಭೂಮಿಯ ಭಂಡಾರಕ್ಕೂ ಕರಾವಳಿಯ ಮೂಡಬಿದಿರೆಗೂ ಇರುವ ಭೇದ ಇದೇ. ಅಲ್ಲಿ ಶುಷ್ಕತೆಯ ಭಯ, ಇಲ್ಲಿ ಮಳೆಗಾಲದ ಭಯ. ಶ್ರವಣಬೆಳಗೊಳದಂಥ ಒಳನಾಡಿನ ಊರುಗಳಲ್ಲಿ ಬೇಸಿಗೆ ಮತ್ತು ಮಳೆಗಾಲಗಳ ನಡುವಣ ಅಂತರವನ್ನೇ ಗಮನಿಸಬೇಕಾಗುತ್ತದೆ.

ಏರಿಳಿತದಿಂದಾಗುವ ಹಾನಿಯು ಇವೆರಡಕ್ಕಿಂತ ಸೂಕ್ಷ್ಮವಾದುದು. ಆರ್ದ್ರತೆ ಏರಿದಾಗ ಓಲೆ ಹಿಗ್ಗುತ್ತದೆ, ಇಳಿದಾಗ ಕುಗ್ಗುತ್ತದೆ. ಅದರ ಮೇಲಣ ಬಣ್ಣದ ಪದರವು ಅದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗಲಾರದು. ಮೂಡಬಿದಿರೆಯ ಸಿದ್ಧಾಂತಗ್ರಂಥಗಳಲ್ಲಿರುವಂಥ ಚಿತ್ರಿತ ಓಲೆಗಳಲ್ಲಿ ಬಣ್ಣವು ಬಿರಿದು ಉದುರುವುದಕ್ಕೆ ಇದೂ ಒಂದು ಕಾರಣವಾಗಬಲ್ಲುದು.

ಯಂತ್ರದ ಸ್ವರೂಪ

ಆರ್ದ್ರತೆಯನ್ನು ಅಳೆಯುವ ಪ್ರಯತ್ನ ಹೊಸದಲ್ಲ. ಮನುಷ್ಯನ ಕೂದಲು ತೇವದಲ್ಲಿ ನೀಳವಾಗುವುದನ್ನು ಆಧರಿಸಿದ ಮಾಪಕವನ್ನು ಜಿನೀವಾದ ಸೊಸ್ಯೂರ್ ಎಂಬ ವಿದ್ವಾಂಸನು 1783ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ್ದಾನೆ. ಅನಂತರ ಇದೇ ತತ್ತ್ವದ ಮೇಲೆ, ತಿರುಗುವ ಉರುಳೆಗೆ ಸುತ್ತಿದ ಕಾಗದದಲ್ಲಿ ಲೇಖನಿಯು ಗೆರೆ ಎಳೆಯುವ ಯಂತ್ರಗಳು ಬಂದು, ವಸ್ತುಸಂಗ್ರಹಾಲಯಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದವು. ಅವುಗಳ ಕಾಗದವನ್ನು ಸಾಮಾನ್ಯವಾಗಿ ವಾರಕ್ಕೊಮ್ಮೆ ಬದಲಿಸಬೇಕು, ಮಸಿ ತುಂಬಬೇಕು. ಯಂತ್ರವು ದೊಡ್ಡದಾದುದರಿಂದ ಕಪಾಟಿನ ಒಳಗೆ ಇಡುವಂತಿಲ್ಲ.

ಡೇಟಾ ಲಾಗರ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಇದರಲ್ಲಿ ಉಷ್ಣತೆಗೆ ಒಂದು, ಆರ್ದ್ರತೆಗೆ ಒಂದು ಹೀಗೆ ಎರಡು ಸಂವೇದಕಗಳಿರುತ್ತವೆ. ಆರ್ದ್ರತೆಯ ಸಂವೇದಕದಲ್ಲಿ ಆವಿಯನ್ನು ಹೀರುವ ತೆಳುವಾದ ಪದರವೊಂದಿದ್ದು, ಅದು ಹೀರಿದ ನೀರಿಗೆ ಅನುಸಾರವಾಗಿ ವಿದ್ಯುತ್ ಗುಣವು ಬದಲಾಗುತ್ತದೆ. ಗೊತ್ತುಪಡಿಸಿದ ಅವಧಿಗೊಮ್ಮೆ ಯಂತ್ರವು ಈ ಎರಡನ್ನೂ ಅಳೆದು, ದಿನಾಂಕ ಮತ್ತು ವೇಳೆಯೊಡನೆ ತನ್ನ ಸ್ಮೃತಿಕೋಶದಲ್ಲಿ ಇಟ್ಟುಕೊಳ್ಳುತ್ತದೆ. 16,000 ಜೊತೆ ಅಂಕಿಗಳನ್ನು ಹಿಡಿಯುವ ಯಂತ್ರವು ಅರ್ಧ ಗಂಟೆಗೊಮ್ಮೆ ದಾಖಲಿಸಿದರೆ ಸುಮಾರು 11 ತಿಂಗಳು ನಡೆಯುತ್ತದೆ. ಇದಕ್ಕೆ ಮನೆಯ ವಿದ್ಯುತ್ತು ಬೇಡ, ಚಿಕ್ಕ ಬ್ಯಾಟರಿ ಸಾಕು. ಗಣಕಯಂತ್ರಕ್ಕೆ ಜೋಡಿಸಿದಾಗ ಅಂಕಿಗಳ ಪಟ್ಟಿಯೂ ರೇಖಾಚಿತ್ರವೂ ದೊರೆಯುತ್ತವೆ.

ಇಡುವ ಸ್ಥಳ ಮತ್ತು ಪರೀಕ್ಷೆ

ಸಾಧ್ಯವಾದರೆ ಮೂರು ಯಂತ್ರಗಳಿರಬೇಕು: ಕೋಣೆಯಲ್ಲಿ ಒಂದು, ಗ್ರಂಥಗಳಿರುವ ಕಪಾಟು ಅಥವಾ ಪೆಟ್ಟಿಗೆಯ ಒಳಗೆ ಒಂದು, ಹೊರಗೆ ಮಳೆ ಬಿಸಿಲು ತಾಗದ ಜಗಲಿಯಲ್ಲಿ ಒಂದು. ಒಂದೇ ಇದ್ದರೆ ಅದನ್ನು ಗ್ರಂಥಗಳ ಸಮೀಪದಲ್ಲಿಯೇ ಇಡತಕ್ಕದ್ದು. ದೀಪದ ಬಳಿ, ಕಿಟಕಿಯ ಎದುರು, ಬಿಸಿಲಿಗೆ ಕಾಯುವ ಗೋಡೆಗೆ ತಾಗಿಸಿ, ಅಭಿಷೇಕದ ನೀರು ಹರಿಯುವ ಜಾಗದ ಪಕ್ಕದಲ್ಲಿ ಇಟ್ಟರೆ ಅದು ಆ ಮೂಲೆಯ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಭಂಡಾರದ ಸ್ಥಿತಿಯನ್ನಲ್ಲ. ಬ್ಯಾಟರಿಯು ಹಳತಾಗಿ ಸ್ರವಿಸುವ ಸಂಭವವಿರುವುದರಿಂದ ಯಂತ್ರವನ್ನು ನೇರವಾಗಿ ಕಟ್ಟಿನ ಮೇಲೆ ಇಡಬಾರದು.

ಆರ್ದ್ರತೆಯ ಅಂಕಿಯಲ್ಲಿ ಶೇ. 2 ರಿಂದ 3ರಷ್ಟು ವ್ಯತ್ಯಾಸವು ಇಂಥ ಯಂತ್ರಗಳಿಗೆ ಸಹಜ. ವರ್ಷ ಕಳೆದಂತೆ ಅದು ಹೆಚ್ಚಾಗುವುದೂ ಉಂಟು. ಇದನ್ನು ಪರೀಕ್ಷಿಸಲು ಅಡುಗೆಯ ಉಪ್ಪೇ ಸಾಕು. ಒಂದು ಬಟ್ಟಲಲ್ಲಿ ಉಪ್ಪನ್ನು ಹಾಕಿ, ಅದು ಕರಗಿ ಹೋಗದೆ ಒದ್ದೆಯ ಹಿಟ್ಟಿನಂತಾಗುವಷ್ಟು ನೀರನ್ನು ಮಾತ್ರ ಬೆರೆಸಿ, ಬಟ್ಟಲನ್ನೂ ಯಂತ್ರವನ್ನೂ ಒಂದಕ್ಕೊಂದು ತಾಗದಂತೆ ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಒಂದು ರಾತ್ರಿ ಇಡಬೇಕು. ಒಳಗಿನ ಗಾಳಿಯ ಆರ್ದ್ರತೆ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಯಂತ್ರವು 79 ಎಂದು ತೋರಿಸಿದರೆ ಆ ಭಾಗದಲ್ಲಿ ಅದು 4 ಹೆಚ್ಚು ಹೇಳುತ್ತಿದೆ ಎಂದು ತಿಳಿದು ಪುಸ್ತಕದಲ್ಲಿ ಬರೆದಿಡಬೇಕು. ಈ ಪರೀಕ್ಷೆಯನ್ನು ಭಂಡಾರದ ಹೊರಗೆ ಮಾಡುವುದು ಯುಕ್ತ.

ದಾಖಲೆಯನ್ನು ಓದುವ ಬಗೆ

ಕನಿಷ್ಠ ಒಂದು ವರ್ಷದ ದಾಖಲೆ ದೊರೆಯುವವರೆಗೆ ಭಂಡಾರದಲ್ಲಿ ದೊಡ್ಡ ಬದಲಾವಣೆಯನ್ನು ಮಾಡದಿರುವುದು ಲೇಸು. ಮಾಡು ಸೋರುವುದು, ಬೂಷ್ಟು ತೋರುವುದು ಮೊದಲಾದ ತುರ್ತು ಕಾರ್ಯಗಳಿಗೆ ಈ ಮಾತು ಅನ್ವಯಿಸದು. ಹೊರಗಿನ ರೇಖೆಯು ದಿನವೂ ಏರಿಳಿಯುತ್ತಿದ್ದರೂ ಕಪಾಟಿನ ಒಳಗಿನ ರೇಖೆಯು ಹೆಚ್ಚುಕಡಿಮೆ ಸಮವಾಗಿ ಸಾಗಿದರೆ, ದಪ್ಪ ಗೋಡೆ, ಮರದ ಪೆಟ್ಟಿಗೆ, ಬಟ್ಟೆಯ ಸುತ್ತು, ಹಲಗೆಗಳ ನಡುವಣ ಬಿಗಿಯಾದ ಕಟ್ಟು ಇವುಗಳು ತಮ್ಮ ಕೆಲಸವನ್ನು ಮಾಡುತ್ತಿವೆ ಎಂದು ತಿಳಿಯಬೇಕು. ಮರವೂ ಬಟ್ಟೆಯೂ ಗಾಳಿಯ ತೇವವನ್ನು ತಾವು ಹೀರಿ, ಒಣಗಿದಾಗ ಮರಳಿ ಕೊಟ್ಟು, ಓಲೆಗೆ ತಾಗುವ ಏರಿಳಿತವನ್ನು ತಗ್ಗಿಸುತ್ತವೆ. ಉಕ್ಕಿನ ಕಪಾಟಿಗೆ ಈ ಗುಣವಿಲ್ಲ.

ಹವಾನಿಯಂತ್ರಕವನ್ನು ದಾನವಾಗಿ ಕೊಡಲು ಭಕ್ತರು ಮುಂದೆ ಬರುವುದುಂಟು. ಅದನ್ನು ಹಗಲು ಮಾತ್ರ ನಡೆಸಿ ಸಂಜೆ ನಿಲ್ಲಿಸಿದರೆ, ತಣ್ಣಗಾದ ಗ್ರಂಥಗಳ ಮೇಲೆ ಹೊರಗಿನ ತೇವದ ಗಾಳಿಯು ಬಂದು ಸೇರುತ್ತದೆ. ಆಗ ಆಗುವ ಹಾನಿಯು ಯಂತ್ರವೇ ಇಲ್ಲದಿದ್ದಾಗ ಆಗುವುದಕ್ಕಿಂತ ಅಧಿಕವಾಗಬಹುದು. ಇಂಥ ಭಂಡಾರದ ರೇಖಾಚಿತ್ರದಲ್ಲಿ ಪ್ರತಿ ಸಂಜೆಯೂ ಗರಗಸದ ಹಲ್ಲಿನಂತೆ ಏರಿಕೆ ಕಾಣುತ್ತದೆ. ಇರುಳೂ ಹಗಲೂ ನಡೆಸುವ ವ್ಯವಸ್ಥೆಯಿಲ್ಲದಿದ್ದರೆ ಅದನ್ನು ಹಾಕದಿರುವುದೇ ಕ್ಷೇಮ.

ಕಿಟಕಿಯನ್ನು ಯಾವಾಗ ತೆರೆಯಬೇಕೆಂಬುದನ್ನೂ ದಾಖಲೆಯೇ ಹೇಳುತ್ತದೆ. ಒಳಗೆ 28 ಡಿಗ್ರಿ, ಶೇ. 70; ಹೊರಗೆ ಮುಂಜಾನೆ 22 ಡಿಗ್ರಿ, ಶೇ. 80 ಎಂದಿಟ್ಟುಕೊಳ್ಳೋಣ. ಹೊರಗಿನದೇ ಹೆಚ್ಚು ತೇವವೆಂದು ಮೇಲ್ನೋಟಕ್ಕೆ ತೋರುತ್ತದೆ. ಲೆಕ್ಕ ಹಾಕಿದರೆ ಒಳಗಿನ ಘನಮೀಟರ್ ಗಾಳಿಯಲ್ಲಿ ಸುಮಾರು 19 ಗ್ರಾಂ ನೀರಿದೆ, ಹೊರಗಿನದರಲ್ಲಿ 15.5 ಗ್ರಾಂ ಮಾತ್ರ. ಹೊರಗಿನ ಗಾಳಿ ಒಳಬಂದು 28 ಡಿಗ್ರಿಗೆ ಕಾಯ್ದಾಗ ಅದರ ಆರ್ದ್ರತೆ ಶೇ. 57ರಷ್ಟಾಗುತ್ತದೆ. ಆದುದರಿಂದ ಆಗ ಕಿಟಕಿ ತೆರೆದರೆ ಹಿತವೇ. ಮಳೆಗಾಲದ ಬೆಚ್ಚನೆಯ ಮಧ್ಯಾಹ್ನದಲ್ಲಿ ಇದಕ್ಕೆ ವಿಪರೀತವಾಗುವ ಸಂಭವವಿದೆ. ಅನೇಕ ಯಂತ್ರಗಳು ಇಬ್ಬನಿ ಬಿಂದುವನ್ನೂ ತೋರಿಸುವುದರಿಂದ ಲೆಕ್ಕದ ತೊಡಕಿಲ್ಲ. ಹೊರಗಿನ ಇಬ್ಬನಿ ಬಿಂದುವು ಒಳಗಿನದಕ್ಕಿಂತ ಕೆಳಗಿದ್ದರೆ ಮಾತ್ರ ತೆರೆಯಬೇಕು.

ಶ್ರುತಪಂಚಮಿ ಮತ್ತು ಮಳೆಗಾಲ

ಜ್ಯೇಷ್ಠ ಶುಕ್ಲ ಪಂಚಮಿಯಂದು ಶಾಸ್ತ್ರಗಳನ್ನು ಹೊರತೆಗೆದು, ಧೂಳನ್ನು ಒರೆಸಿ, ಹೊಸ ವಸ್ತ್ರವನ್ನು ಸುತ್ತಿ ಪೂಜಿಸುವ ಸಂಪ್ರದಾಯವು ಗ್ರಂಥರಕ್ಷಣೆಯ ದೃಷ್ಟಿಯಿಂದಲೂ ಶ್ಲಾಘ್ಯವಾದುದು. ವರ್ಷಕ್ಕೊಮ್ಮೆಯಾದರೂ ಪ್ರತಿಯೊಂದು ಕಟ್ಟನ್ನು ಕಣ್ಣಿನಿಂದ ನೋಡುವ ನಿಯಮವನ್ನು ಅದು ಉಳಿಸಿದೆ. ಆದರೆ ಕರಾವಳಿಯಲ್ಲಿ ಈ ತಿಥಿಯು ಮುಂಗಾರು ಪ್ರಾರಂಭವಾಗುವ ಹೊತ್ತಿಗೆ ಬರುತ್ತದೆ. ತೇವದ ದಿನ ಓಲೆಗಳನ್ನು ಬಹಳ ಹೊತ್ತು ಬಿಡಿಸಿಟ್ಟು ಅನಂತರ ಬಿಗಿಯಾಗಿ ಕಟ್ಟಿದರೆ, ಹೀರಿದ ನೀರು ಮಳೆಗಾಲವಿಡೀ ಕಟ್ಟಿನೊಳಗೇ ಉಳಿಯಬಹುದು. ಕರಾವಳಿಯಲ್ಲಿ ಗಾಳಿ ಹೆಚ್ಚು ಒಣಗಿರುವುದು ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ. ಕಟ್ಟುಗಳನ್ನು ಬಿಡಿಸಿ ನೆರಳಿನಲ್ಲಿ ಗಾಳಿಗೆ ಹಿಡಿಯುವ ಕಾರ್ಯವನ್ನು ದಾಖಲೆ ನೋಡಿ ಆಗ ನಡೆಸಿ, ಶ್ರುತಪಂಚಮಿಯಂದು ಪೂಜೆ, ವಸ್ತ್ರಸಮರ್ಪಣೆ ಮತ್ತು ಅಲ್ಪಕಾಲದ ದರ್ಶನವನ್ನು ಇಟ್ಟುಕೊಂಡರೆ ಸಂಪ್ರದಾಯಕ್ಕೂ ಲೋಪವಿಲ್ಲ, ಓಲೆಗೂ ಹಾನಿಯಿಲ್ಲ.

ಇಲ್ಲಿ ಧರ್ಮದೃಷ್ಟಿಯಿಂದ ವಿಚಾರಿಸಬೇಕಾದ ಅಂಶವೂ ಒಂದಿದೆ. ಆಗಮಗಳಲ್ಲಿ ಪಣಗವೆಂದು ಹೇಳಲಾದ ಬೂಷ್ಟು ವನಸ್ಪತಿಕಾಯದ ಜೀವಿಗಳಲ್ಲಿ ಪರಿಗಣಿತವಾಗಿದೆ. ಅದು ಬೆಳೆದ ಮೇಲೆ ವಿಷದ ಹೊಗೆಯನ್ನು ಹಾಯಿಸಿ ನಾಶಪಡಿಸುವುದರಲ್ಲಿ ಜೀವಹಿಂಸೆಯುಂಟು; ಕೆಲಸ ಮಾಡುವವರ ಆರೋಗ್ಯಕ್ಕೂ ಬಾಧೆಯುಂಟು. ಅದು ಹುಟ್ಟುವ ಸ್ಥಿತಿಯೇ ಒದಗದಂತೆ ಮೊದಲೇ ಎಚ್ಚರವಹಿಸುವುದು ಯತ್ನಾಚಾರಕ್ಕೆ ಹೊಂದಿದ ಮಾರ್ಗ. ಆ ಎಚ್ಚರಕ್ಕೆ ಬೇಕಾದ ತಿಳಿವಳಿಕೆಯನ್ನು ಈ ಯಂತ್ರವು ಒದಗಿಸುತ್ತದೆ. ಆದರೆ ಅದು ಬರೆದಿಡುತ್ತದೆಯೇ ಹೊರತು ರಕ್ಷಿಸುವುದಿಲ್ಲ. ತಿಂಗಳಿಗೊಮ್ಮೆ ದಾಖಲೆಯನ್ನು ತೆಗೆದು ಓದುವ, ಕಟ್ಟುಗಳನ್ನು ಕಣ್ಣಾರೆ ನೋಡುವ ಒಬ್ಬರು ಭಂಡಾರದಲ್ಲಿ ಇರಲೇಬೇಕು.

ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯು 1948ರಲ್ಲಿ ಪ್ರಕಟವಾದುದರಿಂದ ಈ ನಾಡಿನ ಭಂಡಾರಗಳಲ್ಲಿ ಏನೇನಿದೆ ಎಂಬುದು ವಿದ್ವಾಂಸರಿಗೆ ತಿಳಿಯುವಂತಾಯಿತು. ಆ ಗ್ರಂಥಗಳು ಯಾವ ಹವೆಯಲ್ಲಿ ದಿನಗಳೆಯುತ್ತಿವೆ ಎಂಬ ಇನ್ನೊಂದು ಸೂಚಿಯೂ ಪ್ರತಿ ಭಂಡಾರದಲ್ಲಿ ಅದರ ಜೊತೆಗೆ ಇರತಕ್ಕದ್ದು. ಒಂದು ಮಳೆಗಾಲದ ದಾಖಲೆಯಿಂದಲೇ ಅದನ್ನು ಪ್ರಾರಂಭಿಸಬಹುದು.